ಹನ್ನೊಂದನೆಯ ಮನೆಯವರು

ಭುವನೇಶ್ವರಿ ಉಳ್ಳಾಗಡ್ಡಿ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತಳಾದ ಮೇಲೆ ಅವಳ ಹುರುಪಿಗೆ ಸಿಕ್ಕವಳು ಪಕ್ಕದ ಮನೆಯ ವರ್ಡೆಲ್. ತೊಂಬತ್ತು ವರ್ಷದ ಕಪ್ಪು ಜನಾಂಗದ ಅಜ್ಜಿ. ಕಣ್ಣು ಮಂಜು, ನಾಲಿಗೆ ಮಾತ್ರ ಬಲು ಚುರುಕು. ಇಬ್ಬರಿಗೂ ಒಬ್ಬರನ್ನೊಬ್ಬರು ಕಾಣದಿದ್ದರೆ ಮಧ್ಯಾಹ್ನ ಕಳೆಯುತ್ತಿರಲಿಲ್ಲ.

ವರ್ಡೆಲ್ ಹೇಳುತ್ತಿದ್ದುದು ಒಂದು ಕೆರೆಯ ಕಥೆ. ನೂರು ವರ್ಷದ ಹಿಂದೆ ಕಪ್ಪು ಜನ ಯಾವ ಕೆರೆಗೆ ಈಜಲು ಹೋದರೂ ಬಿಳಿಯರು ಅಟ್ಟುತ್ತಿದ್ದರಂತೆ. ರೋಸಿಹೋದ ಓಕ್‌ಲ್ಯಾಂಡಿನ ಹನ್ನೊಂದು ಮನೆಯವರು, ರೈಲಿನಲ್ಲಿ ಸಾಮಾನು ಹೊರುವವರು, ಅಡುಗೆ ಮಾಡುವವರು, ಬೆಟ್ಟದಾಚೆ ಯಾರಿಗೂ ಬೇಡವಾಗಿದ್ದ ಕೆರೆಯೊಂದರ ದಂಡೆಯನ್ನೇ ಕೊಂಡು, ತಾವೇ ಹಲಗೆ ಹೊಡೆದು ಮನೆ ಕಟ್ಟಿಕೊಂಡರು. ಬೇಸಿಗೆ ಬಂತೆಂದರೆ ಅಲ್ಲಿ ಹಾಡು, ಮೀನು ಹುರಿದ ವಾಸನೆ, ನೀರಿಗೆ ಬಿದ್ದು ಮೇಲೇಳಲೊಲ್ಲದ ಮಕ್ಕಳು. ಆ ಮಕ್ಕಳಲ್ಲಿ ಈಗ ಉಳಿದವಳು ವರ್ಡೆಲ್ ಒಬ್ಬಳೇ. ಜೂನಿನಲ್ಲಿ ಸಮಿತಿಯೊಂದು ಆ ದಂಡೆಯ ಮೇಲೆ ಹನ್ನೊಂದು ಮನೆತನಗಳ ಹೆಸರಿನ ಫಲಕ ನಿಲ್ಲಿಸುವುದಿತ್ತು. ಹೆಸರು ಹೇಳುವವಳು ಅವಳು, ಟೈಪ್ ಮಾಡುವವಳು ಭುವನೇಶ್ವರಿ.

ಹತ್ತು ಹೆಸರು ಸಲೀಸಾಗಿ ಬಂದವು. ಹನ್ನೊಂದನೆಯದು ಬರಲೊಲ್ಲದು.

"ಯಾರನ್ನೂ ಮರೀಬೇಡ ಅಂತ ಸಾಯುವಾಗ ಅಪ್ಪ ನನ್ನ ಕೈ ಹಿಡಿದು ಹೇಳಿದ್ದ," ಎನ್ನುತ್ತ ಎರಡು ವಾರ ವರ್ಡೆಲ್ ಹಣೆ ತಿಕ್ಕಿಕೊಂಡಳು. ಕೊನೆಗೊಂದು ಮಧ್ಯಾಹ್ನ, "ಬಿಸ್ಕೆಟ್! ಕೊನೇ ಮನೆ ಬಿಸ್ಕೆಟ್‌ದು," ಎಂದು ನಕ್ಕು, ಕುರ್ಚಿಯಲ್ಲೇ ನಿದ್ದೆಹೋದಳು.

ಬೇರೆ ಯಾರೇ ಆಗಿದ್ದರೂ ಎಬ್ಬಿಸಿ ಕೇಳುತ್ತಿದ್ದರು. ಹುಬ್ಬಳ್ಳಿ ಕಡೆಯ ಹೆಣ್ಣಿಗೆ ಅನುಮಾನ ಹೇಗೆ ಬಂದೀತು? ತವರಿನಲ್ಲಿ ಅವಳು ಮೆಣಸಿನಕಾಯಿ, ಗಂಡನ ಮನೆಗೆ ಬಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಮಗ್ಗಿ ಕಲಿಸಿದವರು ಬೆಲ್ಲದ ಮಾಸ್ತರರು. 'ಬಿಸ್ಕೆಟ್ ಕುಟುಂಬ' ಎಂದು ಟೈಪಿಸಿ ಸಮಿತಿಗೆ ಕಳಿಸಿಯೇಬಿಟ್ಟಳು.

ಫಲಕ ಕೆತ್ತಿ ಆಯಿತು. ಹೆಸರುಗಳನ್ನೆಲ್ಲ ಅಚ್ಚು ಹಾಕಿದ ಆಮಂತ್ರಣವನ್ನು ಚರ್ಚುಗಳಲ್ಲಿ ಹಂಚಿ ಆಯಿತು. ಸಮಾರಂಭದ ಹಿಂದಿನ ದಿನ ರೆಡ್‌ವುಡ್ ಸಿಟಿಯಿಂದ ಬಂದ ಮಗಳು ಮಾಧುರಿ ಅದನ್ನು ಓದಿ ಹುಬ್ಬೇರಿಸಿದಳು.

"ಅಮ್ಮಾ, ಬಿಸ್ಕೆಟ್ ಅನ್ನೋದು ಸರ್‌ನೇಮಾ? ನಿಕ್‌ನೇಮು ಇರ್ಬೇಕು."

"ಯಾಕ, ನಿನ್ನ ಪಾಸ್‌ಪೋರ್ಟಿನ್ಯಾಗ ಉಳ್ಳಾಗಡ್ಡಿ ಇಲ್ಲೇನು?" ಎಂದು ಗದರಿದ ಭುವನೇಶ್ವರಿ ಮರುಕ್ಷಣವೇ ಆಮಂತ್ರಣವನ್ನು ಕಸಿದುಕೊಂಡು ಮತ್ತೆ ಓದಿದಳು.

ಓಡಿಹೋಗಿ ಕೇಳಿದರೆ ವರ್ಡೆಲ್‌ಳ ಮುಖ ಬಿದ್ದುಹೋಯಿತು. "ನಾವೆಲ್ಲ ಹಾಗೆ ಕರೀತಿದ್ವಿ ಅಷ್ಟೇ. ನಿಜವಾದ ಹೆಸರು ಹೋಗಿಬಿಟ್ಟಿದೆ, ಭುವನಾ. ಎಷ್ಟು ಹುಡುಕಿದರೂ ಸಿಗ್ತಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯಲಿಲ್ಲ, ಅತ್ತಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಭುವನೇಶ್ವರಿಗೆ.

ಮರುದಿನ ಕೆರೆಯ ದಂಡೆಯಲ್ಲಿ ಫಲಕದ ಪರದೆ ಸರಿದಾಗ ಕಿಸಕ್ಕೆಂದವರು ಇದ್ದರು. ವರ್ಡೆಲ್ ತಲೆಯೆತ್ತಲಿಲ್ಲ. ಎಪ್ಪತ್ತರ ಆಸುಪಾಸಿನ ಗಂಡಸೊಬ್ಬ ಮುಂದೆ ಬಂದು ಆ ಕೊನೆಯ ಹೆಸರಿನ ಮೇಲೆ ಬೆರಳಾಡಿಸಿದ.

"ಇದನ್ನು ಬರೆಸಿದವರು ಯಾರು?"

ಭುವನೇಶ್ವರಿ ವರ್ಡೆಲ್‌ಳ ಮುಂದೆ ಅಡ್ಡ ನಿಂತಳು. "ನಾನು. ತಪ್ಪು ನನ್ನದೇ, ಇವರದಲ್ಲ."

"ಬಿಸ್ಕೆಟ್ ನನ್ನ ತಾತ," ಎಂದ ಆತ. "ಅಮ್ಮ ಇರೋವರೆಗೂ ಬಿಸ್ಕೆಟ್‌ನ ಕೆರೆ, ಬಿಸ್ಕೆಟ್‌ನ ಮನೆ ಅಂತಿದ್ದಳು. ಯಾವ ಕೆರೆ, ಎಲ್ಲಿದೆ, ನಮಗೊಂದೂ ಗೊತ್ತಿರಲಿಲ್ಲ. ರಿಚ್ಮಂಡಿನ ಚರ್ಚಿನಲ್ಲಿ ಆ ಆಮಂತ್ರಣ ಕಣ್ಣಿಗೆ ಬಿತ್ತು. ಅವರ ನಿಜವಾದ ಹೆಸರು ವಿಟ್‌ಲೋ ಅಂತ ಹಾಕಿದ್ದರೆ ನಾನು ಬರ್ತಾನೇ ಇರಲಿಲ್ಲ. ವಿಟ್‌ಲೋಗಳು ಊರ ತುಂಬ ಇದ್ದಾರೆ."

"ಎಜ್ರಾ," ಎಂದಳು ವರ್ಡೆಲ್. ಮರೆತ ಹೆಸರು ಬಂದುಬಿಟ್ಟಿತ್ತು, ಅವಳಿಗೇ ನಂಬಿಕೆಯಾಗಲಿಲ್ಲ. "ಎಜ್ರಾ ವಿಟ್‌ಲೋ!"

ಆತ ಅವಳೆದುರು ಹುಲ್ಲಿನ ಮೇಲೆ ಕುಸಿದು ಕುಳಿತ. "ನೀವು ಅವರನ್ನು ನೋಡಿದ್ದೀರಾ? ನಾನು ಹುಟ್ಟುವ ಮೊದಲೇ ತೀರಿಕೊಂಡರು. ಒಂದು ಫೋಟೋ ಕೂಡ ಇಲ್ಲ."

"ನೋಡಿದ್ದೀರಾ ಅಂತ ಕೇಳ್ತಾನಲ್ಲ!" ವರ್ಡೆಲ್‌ಳ ದನಿ ತಟ್ಟನೆ ಮರಳಿತು. "ಭಾನುವಾರ ಬೆಳಗ್ಗೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಬೆಣ್ಣೆ ಹಾಕಿದ ಬಿಸಿ ಬಿಸ್ಕೆಟ್ಟು ಹಿಡ್ಕೊಂಡು ಮನೆಮನೆ ಬಾಗಿಲು ಬಡೀತಿದ್ದ. ಕೆರೆ ಕೊಂಡವರಲ್ಲಿ ಈಜು ಬಾರದವನು ಅವನೊಬ್ಬನೇ. ಆದರೂ ಮಕ್ಕಳು ನೀರಲ್ಲಿರೋವರೆಗೂ ಮೊಣಕಾಲುದ್ದ ನೀರಿನಲ್ಲಿ ನಿಂತು ನಮ್ಮ ತಲೆ ಎಣಿಸ್ತಿದ್ದ. ಒಂದು ತಲೆ ಕಾಣದಿದ್ದರೆ ಕೂಗಿ ಕೆರೆಯನ್ನೇ ಎಬ್ಬಿಸಿಬಿಡ್ತಿದ್ದ."

ಆತ ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ನನಗೂ ಈಜು ಬರೋದಿಲ್ಲ," ಎಂದ.