ತಂಬಿಗೆಯಲ್ಲಿ ಅರಳಿದ ಮಡಹಾಗಲ

ನಾನು ಒಂದು ಮಡಹಾಗಲದ ಬಳ್ಳಿ. ಹಳಿಯಾಳದ ಕಾಡಂಚಿನ ಬೇಲಿಯಲ್ಲಿ, ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದೆ. ನಾನು ಮೊಳೆತ ಸುದ್ದಿ ಕೇಳಿ ಆ ವರ್ಷ ಮುಂಗಾರು ಮೊದಲೇ ಓಡಿಬಂತಂತೆ. ಹಾಗೆಂದು ಹೇಳುವವನು ನಾನೇ.

ಪಕ್ಕದಲ್ಲಿದ್ದ ಕಾಡುಪಡವಲ ತನ್ನ ಬಿಳಿ ಹೂವಿನ ಅಂಚಿಗೆ ನೂಲಿನ ಜಾಲರಿ ಕಟ್ಟಿಕೊಂಡು ಮೆರೆಯುತ್ತಿತ್ತು; ಎಲೆ ತಿಕ್ಕಿದರೆ ಮಾತ್ರ ಮೂಗು ಮುಚ್ಚಬೇಕು. ಕಾಡುತೊಂಡೆಗೆ ಗಂಟೆಯಂಥ ಬಿಳಿ ಹೂ, ಮೂಲೆ ಮೂಲೆಯ ಎಲೆ. ನನ್ನದೋ, ವೀಳ್ಯದೆಲೆ ನಾಚುವಂಥ ಎಲೆ. ಅರಿಸಿನ ಹಳದಿಯಾದದ್ದೇ ನನ್ನ ಹೂವನ್ನು ನೋಡಿ.

ಒಮ್ಮೆ ಮೊದಲ ಮಳೆ ಬಿದ್ದಾಗ ಹೊಳೆವ್ವ ಗುದ್ದಲಿ ಹಿಡಿದು ಬಂದಳು. ಅವಳ ಬಸುರಿ ಮಗಳು ನಿಂಗವ್ವನಿಗೆ ಮಡಹಾಗಲದ ಪಲ್ಯದ ಬಯಕೆ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬಂದಾಗ ಅದನ್ನೇ ಬಡಿಸಬೇಕು. ಆಗಿನ್ನೂ ಯಾರಿಗೂ ಹೂವಿಲ್ಲ. ಎಲೆ ಸವರಿ, ಮೂಸಿ, ನನ್ನನ್ನೂ ಇನ್ನೊಂದು ಮಡಹಾಗಲವನ್ನೂ ಆರಿಸಿದಳು. ನನ್ನ ಗಡ್ಡೆ ಎತ್ತುವಾಗ ಗುಡ್ಡವೇ ಸ್ವಲ್ಪ ವಾಲಿತು.

ಅವಳ ಹಿತ್ತಲಲ್ಲಿ ನಾವಿಬ್ಬರೂ ಹಬ್ಬಿದೆವು. ಕುಬಸ ಹತ್ತಿರ ಬಂತು, ಮೊಗ್ಗೂ ಬಂದವು. ಆ ಬಳ್ಳಿಯ ಪ್ರತಿ ಮೊಗ್ಗಿನ ಕೆಳಗೂ ಮುಳ್ಳುಮುಳ್ಳಾದ ಮರಿಕಾಯಿ. ನನಗೆ ಬರೀ ತೊಟ್ಟು.

ಹೊಳೆವ್ವನ ಗಂಡ ಫಕೀರಪ್ಪ ಎರಡನ್ನೂ ನೋಡಿದ. "ಇದರದು ಬರೇ ಹೂವಿನ ಸೋಗು. ಆ ಬಳ್ಳಿ ಗೊಬ್ಬರಾನೂ ಇದೇ ತಿನ್ನಾಕತ್ತೈತಿ" ಎಂದವನೇ ಕುಡುಗೋಲಿನಿಂದ ನನ್ನನ್ನು ಬುಡಕ್ಕೇ ಕೊಯ್ದುಬಿಟ್ಟ.

ಅಂದೇ ಮಧ್ಯಾಹ್ನ ಬಂದಿಳಿದ ನಿಂಗವ್ವ ನನ್ನ ಕುಡಿ ಎತ್ತಿ ನೋಡಿ ಹೌಹಾರಿದಳು.

"ಅಪ್ಪಾ, ಇದು ಗಂಡಬಳ್ಳಿ! ಇದರ ಹೂವಿನ ಹುಡಿ ತಾಗಲಿಲ್ಲಂದ್ರ ಅದರ ಮರಿಕಾಯೆಲ್ಲಾ ಉದರಿ ಹೋಗ್ತಾವ."

ಹೊಳೆವ್ವ ಗಂಡನ ಕಡೆ ತಿರುಗಿದಳು. "ಹಡೀಲಿಲ್ಲಂತ ಗಂಡಸನ್ನ ಕಡಿಯೂದಾದ್ರ ನಿಮ್ಮನ್ನ ಎಂದೋ ಕಡೀಬೇಕಿತ್ತು!"

ಫಕೀರಪ್ಪ ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದ.

ನಿಂಗವ್ವ ನನ್ನ ಕುಡಿಗಳನ್ನು ತಂಬಿಗೆಯ ನೀರಿಗೆ ಹಾಕಿದಳು. ಬೇರಿಲ್ಲ, ಮಣ್ಣಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಡುತ್ತಿದ್ದರು. ಮುಸ್ಸಂಜೆಗೆ ನಾನು ಅರಳಿದೆ! ಆ ಬೆಳಕಿಗೆ ಇಡೀ ಕೇರಿ ದೀಪ ಹಚ್ಚುವುದನ್ನೇ ಮರೆಯಿತು. ಅವಳು ನನ್ನ ಹೂ ಕಿತ್ತು ಆ ಬಳ್ಳಿಯ ಹೂಗಳಿಗೆ ಮೆಲ್ಲಗೆ ಸವರುತ್ತ ಹೋದಳು. ತಂಬಿಗೆ ಹಿಡಿದು ಹಿಂದೆ ಹಿಂದೆ ನಡೆದವನು ಫಕೀರಪ್ಪ.

ಕಾಯಿ ನಿಂತವು, ಉಬ್ಬಿದವು. ಕುಬಸದ ದಿನ ನಿಂಗವ್ವ ಪಲ್ಯವನ್ನು ಮತ್ತೆ ಮತ್ತೆ ಬಡಿಸಿಕೊಂಡಳು. ಬಂದವರೆಲ್ಲ ಹೊಗಳಿದ್ದು ಆ ಬಳ್ಳಿಯನ್ನು. ಇರಲಿ, ಹೊಗಳಿಕೆ ನನಗೆ ಸಾಕಷ್ಟಿದೆ, ನಾನೇ ಮಾಡಿಕೊಳ್ಳುತ್ತೇನೆ.

ಕೊಯ್ದದ್ದು ಬಳ್ಳಿಯನ್ನು, ಗಡ್ಡೆಯನ್ನಲ್ಲ; ಮಳೆ ಬಂದಾಗಲೆಲ್ಲ ಮತ್ತೆ ಚಿಗುರಿದೆ. ಈಗ ಮುದುಕನಾಗಿದ್ದೇನೆ. ನಾನು ಒಂದೂ ಕಾಯಿ ಬಿಟ್ಟವನಲ್ಲ, ಆದರೂ ನನ್ನ ಮಕ್ಕಳು ಕೇರಿಯ ಬೇಲಿ ತುಂಬ ಇದ್ದಾರೆ. ಬೇಸಿಗೆಯಲ್ಲಿ ನೆಲದ ಮೇಲೆ ನನ್ನ ಗುರುತೇ ಇರುವುದಿಲ್ಲ. ಆದರೂ ಫಕೀರಪ್ಪ ಸುತ್ತ ಮುಳ್ಳು ಹಚ್ಚಿ, ಹಿತ್ತಲಿಗೆ ಬಂದವರಿಗೆಲ್ಲ ಹೇಳುತ್ತಾನೆ: "ನೋಡಿ ಕಾಲಿಡ್ರಿ, ಯಜಮಾನ್ರು ಮಲಗ್ಯಾರ."

ಮಲಗಿಲ್ಲ. ಇನ್ನೊಮ್ಮೆ ಹೇಳಲಿ ಎಂದು ಸುಮ್ಮನಿದ್ದೇನೆ.