ಕಿಲ್ಲೇದಾರನ ಅಂಗರಖಾ

ಬೆಲ್‌ಬಾಟಮ್ ಪ್ಯಾಂಟು ಬೆಳಗಾವಿಗೆ ಬಂದ ಮೇಲೆ ಖಡೇಬಜಾರಿನ ದರ್ಜಿಗಳಿಗೆಲ್ಲ ಒಳ್ಳೆಯ ಕಾಲ ಬಂತು, ಶಾಹಜಾದಿಯೊಬ್ಬಳನ್ನು ಬಿಟ್ಟು. ಗಂಡ ತೀರಿಕೊಂಡು ತವರಿಗೆ ಮರಳಿದಂದಿನಿಂದ ಆಕೆ ಅಣ್ಣ ಜಮಾಲಸಾಬನ ಅಂಗಡಿಯಲ್ಲಿ, ಪರದೆಯ ಹಿಂದೆ ಚಾಪೆ ಹಾಸಿಕೊಂಡು, ಕಾಜಾ ಹಾಕುತ್ತ ಅಂಚು ಹೊಲಿಯುತ್ತ ಕುಳಿತವಳು. ಈಗ ಟೆರಿಕಾಟ್ ಬಂದಿತ್ತು. ಅದರ ಹಿಂದೆಯೇ ಕಾಜಾ ಹಾಕುವ ಮಷೀನೂ ಪೇಟೆಗೆ ಬಂದಿತ್ತು. ಅದನ್ನು ತಂದರೆ ಎಲ್ಲಿ ಇಡುವುದೆಂದು ಜಮಾಲಸಾಬ ಅಂಗಡಿಯ ತುಂಬ ಕಣ್ಣಾಡಿಸುತ್ತಿದ್ದ. ಆ ಕಣ್ಣು ಎಲ್ಲೆಲ್ಲೋ ತಿರುಗಿ ಕೊನೆಗೆ ಬಂದು ನಿಲ್ಲುತ್ತಿದ್ದುದು ತಂಗಿಯ ಚಾಪೆಯ ಮೇಲೆ.

ಮನುಷ್ಯ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನೇರವಾಗಿ ಹೇಳುತ್ತಿದ್ದ. ಇಂಚುಪಟ್ಟಿ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಒಂದು ದಿನ ಮಾತು ತೆಗೆದ.

"ಗೋಕಾಕದಾಗ ಮದರಬೀ ಆಪಾನ ಮನ್ಯಾಗ ಕೂಸು-ಕುನ್ನಿ ಬಾಳ ಅದಾವ. ಆಕಿಗೂ ಕೈಗೊಬ್ರು ಬೇಕಾಗ್ಯಾರ. ನೀ ಅಲ್ಲಿ ಆರಾಮ ಇರ್ತಿ."

"ಆರಾಮ ಮಾಡಾಕ ನನಗೇನ ಜಡ್ಡ ಬಂದೈತೇನ?" ಎಂದಳು ಶಾಹಜಾದಿ, ಸೂಜಿಯಿಂದ ಕಣ್ಣೆತ್ತದೆ.

ಅವರ ಮನೆಯೊಳಗೆ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿ ಮರಾಠಿಯವನಾದರೆ ಮರಾಠಿ. ಜಗಳ ಮಾತ್ರ ಮೂರರಲ್ಲೂ ನಡೆಯುತ್ತಿತ್ತು. ಅಂದು ಒಂದರಲ್ಲೇ ನಿಂತಿತು, ಏಕೆಂದರೆ ಅಂಗಡಿಗೆ ಗಿರಾಕಿ ಬಂದಿದ್ದ.

ಬಂದವರು ಖಾನಾಪುರದ ಬಾಳಾಸಾಹೇಬ. ಹಂಚಿನ ಕಾರಖಾನೆಯ ಧಣಿ. ಆದರೆ ಹಂಚಿಗಿಂತ ನಾಟಕದ ಮೇಲೆ ಪ್ರೀತಿ ಹೆಚ್ಚು. ತಮ್ಮದೇ ಒಂದು ಹವ್ಯಾಸಿ ಕಂಪನಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಪ್ಯಾಂಟಿನ ಅಳತೆ ಕೊಡುತ್ತ ನಿಂತವರು ಪರದೆಯ ಸಂದಿಯಲ್ಲಿ ತೂಗುಹಾಕಿದ್ದ ಬಿಳಿ ಅಂಗಿಯೊಂದನ್ನು ಕಂಡರು. ಮೊಣಕಾಲಿನವರೆಗೆ ಇಳಿಬಿದ್ದ ನಿರಿಗೆ, ಎದೆಯ ಮೇಲೆ ಚಂದ್ರನಂತೆ ದುಂಡಗೆ ಕೊರೆದ ಕತ್ತು, ಗುಂಡಿಯ ಬದಲು ಪಕ್ಕದಲ್ಲಿ ಕಟ್ಟುವ ಕಸೆಗಳು.

"ಹೇ ಕುಠಲಂ? ಇದು ಯಾವ ನಾಟಕದ್ದ?"

"ನಾಟಕದ್ದಲ್ರಿ," ಎಂದಳು ಶಾಹಜಾದಿ. "ನಮ್ಮ ಅಜ್ಜಾರು ಬುಡನಸಾಬ ಇಂಥಾ ಅಂಗರಖಾ ಹಾಕ್ಕೊಳ್ತಿದ್ರು. ಅವರದು ಜಾಳಾಗಿ ಹೋಗಿತ್ರಿ. ಹೊಲಿಗಿ ಬಿಚ್ಚಿ ನೋಡಿ ಇದನ್ನ ಹೊಸಾದು ಹೊಲದೀನಿ."

ಅದು ಆಕೆಯ ಹುಚ್ಚು. ಅಜ್ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಅಂಗರಖಾವನ್ನು ಎಳೆ ಎಳೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದು ಯಾವುದಕ್ಕೆ ಕೂಡುತ್ತದೆಂದು ತಾನೇ ಲೆಕ್ಕ ಹಾಕಿ ಕಲಿತದ್ದು. ಹೇಳಿಕೊಡುವವರು ಯಾರೂ ಇರಲಿಲ್ಲ. ಕೇಳಲು ಹೋದರೆ ಅತ್ತಿಗೆ ರಾಜಬೀ, "ಸತ್ತವರ ಅಂಗಿ ಬಿಚ್ಚಿ ನೋಡತಿ, ಇದ್ದವರ ಕುಬಸದ ಗುಂಡಿ ಹಚ್ಚಂದ್ರ ತ್ರಾಸಾಗತೈತಿ," ಎನ್ನುತ್ತಿದ್ದಳು.

ಬಾಳಾಸಾಹೇಬರು ಪ್ಯಾಂಟು ಮರೆತರು. ಅವರ ಹೊಸ ನಾಟಕದಲ್ಲಿ ಕಾಡಿನ ಸಣ್ಣ ಕೋಟೆಯೊಂದರ ಮುದುಕ ಕಿಲ್ಲೇದಾರನೇ ನಾಯಕ. ಅವನ ಸಾಟಿನ್ ಅಂಗಿ ಕಂಡೊಡನೆ ಮಂದಿ ‘ಲಗ್ನದ ಬ್ಯಾಂಡಿನವ ಬಂದಾ’ ಎಂದು ಕೂಗುತ್ತಿದ್ದರಂತೆ.

"ಬಾಯಿ, ಇಂಥಾದ್ದೊಂದ ನಮ್ಮ ಕಿಲ್ಲೇದಾರಗ ಹೊಲದ ಕೊಡು. ಖಾನಾಪುರದ ಆಟ ಚಲೋ ಆತಂದ್ರ ಕಂಪನೀ ವೇಷಾ ಎಲ್ಲಾ ಇನ್ನ ಮ್ಯಾಲೆ ನಿಂದ. ಆದರ ಈ ಅಂಗಿ ನೋಡೂ ಮಂದಿ ನಕ್ಕರಂದ್ರ, ನಾನೂ ನಿನ್ನ ಗುರುತ ಹಿಡಿಯಾಂಗಿಲ್ಲ ನೋಡು."

ಜಮಾಲಸಾಬ ಇಂಚುಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡ. "ಆತು. ನಾಟಕ ಆಗೂತನಕ ಚಾಪಿ ಇಲ್ಲೇ ಇರಲಿ. ಆಮ್ಯಾಗ ನೋಡೂಣು, ಚಾಪಿನೋ ಗೋಕಾಕನೋ."

ಶಹಾಪುರದ ಮಗ್ಗದ ಬಿಳಿ ಬಟ್ಟೆ ತಂದಳು ಶಾಹಜಾದಿ. ಕತ್ತರಿ ಮುಟ್ಟಿದ್ದು ಕತ್ತಿನ ಭಾಗಕ್ಕೆ ಮಾತ್ರ. ಉಳಿದುದನ್ನೆಲ್ಲ ನೂಲಿನ ಗುಂಟ ಹರಿದಳು, ಹಳೆಯವರು ಹಾಗೆಯೇ ಮಾಡಿದ್ದರು. ದಾರಕ್ಕೆ ಜೇನುಮೇಣ ಸವರಿ ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ ಹಾಕಿದಳು. ಕಂಕುಳಿಗೆ ಚೌಕದ ತುಂಡು ಕೂಡಿಸಿದಳು, ತೋಳೆತ್ತಿದರೆ ಹರಿಯಬಾರದೆಂದು. ಮಷೀನು ಮಾರುವವರು ನಡುವೆ ಬಂದು ಚಾಪೆಯ ಜಾಗ ನೋಡಿ ಹೋಗುತ್ತಿದ್ದರು. ರಾಜಬೀ ಚಹಾ ತಂದಿಟ್ಟು, "ಆ ಕಿಲ್ಲೇದಾರನ ಹೇಂತೀನೂ ಇಷ್ಟ ಕಾಳಜೀಲೆ ಹೊಲದಿರಾಕಿಲ್ಲ ಬಿಡು," ಎಂದು ಪಕ್ಕದಲ್ಲೇ ಕುಳಿತು ದಾರ ಪೋಣಿಸಿ ಕೊಟ್ಟಳು.

ಆಟದ ಹಿಂದಿನ ದಿನ ಶಾಹಜಾದಿ ಗಂಟು ಹಿಡಿದುಕೊಂಡು ರೈಲಿನಲ್ಲಿ ಖಾನಾಪುರಕ್ಕೆ ಬಂದಿಳಿದಳು. ಹಂಚಿನ ಗೋದಾಮಿನಲ್ಲಿ ತಾಲೀಮು ನಡೆದಿತ್ತು. ಕಿಲ್ಲೇದಾರನ ಪಾತ್ರದ ಉಳವಪ್ಪ ಎತ್ತರದ ಆಳು, ಊರಲ್ಲಿ ಕಿರಾಣಿ ಅಂಗಡಿ ಇಟ್ಟವನು. ಅಂಗರಖಾ ತೊಟ್ಟು ಕಸೆ ಕಟ್ಟಿಸಿಕೊಂಡು ಕಟ್ಟಿಗೆಯ ಕತ್ತಿ ಎತ್ತಿದ. ಸಾಟಿನ್ ಅಂಗಿಯ ಕಂಕುಳು ಪ್ರತಿಸಲ ಪರ್ರೆಂದು ಹರಿಯುತ್ತಿದ್ದುದು ಅಲ್ಲೇ. ಇದು ಹರಿಯಲಿಲ್ಲ. ಇನ್ನೊಮ್ಮೆ ಎತ್ತಿದ. ಮತ್ತೊಮ್ಮೆ, ಸುಮ್ಮನೆ ಖುಷಿಗೆ.

"ಏ ಉಳವ್ಯಾ, ಸಾಕ ಇಳಸೋ, ತೊಲಿ ಬಡೀತೈತಿ," ಎಂದ ಹಾರ್ಮೋನಿಯಮ್ಮಿನ ಸತ್ಯಪ್ಪ. ಅವನೇ ನಾಟಕದಲ್ಲಿ ಕಿಲ್ಲೇದಾರನ ಗೆಳೆಯ, ತೋಪು ಹಾರಿಸುವ ಗೋಲಂದಾಜ ಹಸನಖಾನನೂ ಹೌದು.

ಬಾಳಾಸಾಹೇಬರ ಮುಖ ಅರಳಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ವಾಡೆಯ ಭೀಮಕ್ಕ. ಕಂಪನಿಗೆ ಹಳೆಯ ದೀಪ, ಜಮಖಾನೆ ಎರವು ಕೊಡುವ ಮುದುಕಿ. ಕೊಟ್ಟ ಸಾಮಾನು ಹೇಗಿದೆಯೆಂದು ನೋಡುವ ನೆವದಲ್ಲಿ ದಿನಾ ತಾಲೀಮಿಗೆ ಹಾಜರು.

"ಏನೋ ಉಳವಪ್ಪಾ, ಯಾವಾಗ ಜಾತಿ ಬಿಟ್ಟಿ?"

"ಯಾಕಬೇ ಆಯೀ?"

"ಕಸೀ ಬಲಕ್ಕ ಕಟ್ಟೀಯಲ್ಲೋ. ನಮ್ಮ ಮಾವನವರು, ಅವರ ಓರಗಿಯವರು ಎಲ್ಲಾ ಎಡಕ್ಕ ಕಟ್ಟತಿದ್ರು. ಬಲಕ್ಕ ಕಟ್ಟಾವರು ಸಾಬರು. ಆ ಕಾಲದಾಗ ಮುಖಾ ಕಾಣೂಕ್ಕಿಂತ ಮದಲ ಕಸೀ ನೋಡೇ ರಾಮ್‌ರಾಮೋ ಸಲಾಮೋ ಅಂತಿದ್ರು."

ಎಲ್ಲರೂ ಶಾಹಜಾದಿಯನ್ನು ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ಆಕೆ ಅಜ್ಜನ ಅಂಗರಖಾ ಒಂದನ್ನೇ ಕಂಡವಳು. ಕಟ್ಟುವುದಕ್ಕೆ ಇನ್ನೊಂದು ಪಕ್ಕವಿದೆಯೆಂಬುದೇ ಆಕೆಗೆ ಗೊತ್ತಿರಲಿಲ್ಲ.

"ನಮ್ಮ ಅಜ್ಜಾರದ ನೋಡೇ ಹೊಲದೀನ್ರಿ," ಎಂದಳು ಮೆಲ್ಲಗೆ.

"ಅದಕ್ಕ ಬಲಕ್ಕ ಬಂದೈತಿ. ಹೊಲಿಗಿ ಮಾತ್ರ ಬಂಗಾರ ಐತಿ ತಂಗಿ," ಎಂದಳು ಭೀಮಕ್ಕ.

ಬಾಳಾಸಾಹೇಬರು ಕೈ ಬೀಸಿದರು. "ಜಾವೂ ದೇ. ನಾಳೆ ಆಟ. ದೂರ ಕುಂತಾವರಿಗೆ ಎಡಾ ಏನ, ಬಲಾ ಏನ?"

"ಹಲಸಿ ಊರಾಗಿನ ಮುದುಕರು ಮುಂದ ಬಂದ ಕುಂದರತಾರ," ಎಂದಳು ಭೀಮಕ್ಕ. "ನಾ ನಕ್ಕಾಂಗ ಅವರೂ ನಗತಾರ. ಉಳವಪ್ಪ ಗಂಗಾಜಲಾ ಹಿಡದು ಆಣಿ ಮಾಡೂವಾಗ ನಕ್ಕರ ಹೆಂಗ?"

ಶಾಹಜಾದಿಯ ಎದೆಯೊಳಗೆ ಗೋಕಾಕದ ರಸ್ತೆ ಸುಳಿದು ಹೋಯಿತು. ಆದರೆ ಬೆರಳುಗಳು ಆಗಲೇ ಉಳವಪ್ಪನ ಕಸೆ ಬಿಚ್ಚುತ್ತಿದ್ದವು.

"ತಗೀರಣ್ಣಾ ಅಂಗಿ. ಮಗ್ಗದ ಅರಬಿಗೆ ಒಳಮೈ ಹೊರಮೈ ಇಲ್ಲ. ಮುಂದಿನ ತುಂಡು ಎರಡೂ ಬಿಚ್ಚಿ, ತಿರುವಿ ಹಾಕಿ, ಆಕಡಿದು ಈಕಡಿ ಮಾಡಿ ಹೊಲಿಯೂದು. ಹೊತ್ತ ಹಿಡೀತೈತಿ. ಯಾರರೆ ಬಿಚ್ಚಾಕ ಕೂತರ..."

"ನಾ ಕುಂದರತೀನಿ," ಎಂದಳು ಭೀಮಕ್ಕ. "ಕೌದಿ ಹೊಲದ ಹೊಲದ ಬೆರಳ ಸೊಟ್ಟಗ ಆಗ್ಯಾವ, ಕಣ್ಣ ಮಾತ್ರ ಇನ್ನೂ ನೆಟ್ಟಗದಾವ."

ವಾಡೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಮೇಣ ಸವರಿದ ದಾರ ಒಂದು ಕಡೆ ಕೊಯ್ದು ಎಳೆದರೆ ಇಡೀ ಸಾಲೇ ಹಾವಿನಂತೆ ಹೊರಬರುತ್ತಿತ್ತು. ಭೀಮಕ್ಕನಿಗೆ ಅದು ಆಟವಾಯಿತು. ಬಿಚ್ಚುತ್ತ ಮಾತು ಬಿಚ್ಚಿದಳು. ಮಾವನವರ ಅಂಗರಖಾದ ತೋಳು ಕೈಗಿಂತ ಉದ್ದವಿರುತ್ತಿತ್ತಂತೆ, ಮುಂಗೈಯಲ್ಲಿ ಬಳೆಯಂತೆ ಸುಕ್ಕುಸುಕ್ಕಾಗಿ ನಿಲ್ಲಬೇಕಂತೆ. ಎದೆಯ ಒಳಪದರಿಗೊಂದು ಗುಟ್ಟಿನ ಕಿಸೆಯಂತೆ.

"ಅದರಾಗ ಏನ ಇಡತಿದ್ರು?"

"ತಪಕೀರ ಡಬ್ಬಿ, ನಶ್ಯಾದ್ದು. ನಮ್ಮ ಅತ್ತಿ ಎದರಿಗೆ ಸೇದಾಂಗಿಲ್ಲ. ಆಕಿ ಆಕಡೆ ಹೊಳ್ಳಿದಕೂಡ್ಲೆ ಕೈ ಎದಿಗೆ ಹೋಗತಿತ್ತು, ದೇವರಿಗೆ ಕೈ ಮುಗದಾಂಗ."

ಶಾಹಜಾದಿ ಸೂಜಿ ನಿಲ್ಲಿಸಿ ಕೇಳಿದಳು. ಈ ಮಾತು ಯಾವ ಹೊಲಿಗೆ ಬಿಚ್ಚಿದರೂ ಸಿಕ್ಕುವಂಥದಲ್ಲ. ಉಳಿದ ಬಟ್ಟೆಯಲ್ಲಿ ಕಿಸೆಯೊಂದನ್ನು ಕೊಯ್ದು, ಮುದುಕಿ ಹೇಳಿದ ಜಾಗದಲ್ಲೇ ಹಚ್ಚಿದಳು. ಮರುದಿನ ಬಿಸಿಲೇರುವ ಹೊತ್ತಿಗೆ ಅಂಗರಖಾ ಎಡಕ್ಕೆ ಕಟ್ಟಿಸಿಕೊಂಡು ನಿಂತಿತು. ಭೀಮಕ್ಕ ತಾನೇ ಡಬ್ಬಿಯೊಂದನ್ನು ತಂದು ಉಳವಪ್ಪನ ಕಿಸೆಗೆ ಇಳಿಸಿದಳು. "ಖಾಲಿ ಕಿಸೆ ಚಂದಲ್ಲ," ಎಂದಳು, ಅಷ್ಟೇ.

ಸಂಜೆ ಪೆಟ್ರೋಮ್ಯಾಕ್ಸ್ ಹತ್ತಿಸುವ ಮೊದಲೇ ಬಯಲು ತುಂಬಿತು. ಮುಂದಿನ ಸಾಲಿನಲ್ಲಿ ಹಲಸಿಯ ಮುದುಕರು, ಹೇಳಿದ ಹಾಗೆಯೇ. ಕಿಲ್ಲೇದಾರ ರಂಗಕ್ಕೆ ಬಂದ. ಬ್ಯಾಂಡಿನವನೆಂದು ಯಾರೂ ಕೂಗಲಿಲ್ಲ. ಗಂಗಾಜಲದ ತಂಬಿಗೆ ಹಿಡಿದು ಆಣೆಯ ಮಾತು ಆರಂಭಿಸಿದ. ಜೀವ ಇರುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂಬಲ್ಲಿಗೆ ಬಂದು ನಿಂತುಬಿಟ್ಟ. ಮುಂದಿನ ಮಾತು ಮರೆತಿತ್ತು.

ಪರದೆಯ ಪಕ್ಕದಲ್ಲಿ ಶಾಹಜಾದಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಳವಪ್ಪನ ಕೈ, ಎಲ್ಲಿ ಹೋಗಲೆಂದು ತಿಳಿಯದೆ, ಎದೆಯ ಪದರಿನೊಳಕ್ಕೆ ಹೋಯಿತು. ಡಬ್ಬಿ ಸಿಕ್ಕಿತು. ತೆರೆದ, ಚಿಟಿಕೆ ತೆಗೆದ, ಮೂಗಿಗೆ ಏರಿಸಿದ.

ಬಯಲೆಲ್ಲ ನಕ್ಕಿತು. ಬಾಳಾಸಾಹೇಬರು ತಿರುಗಿ ಶಾಹಜಾದಿಯನ್ನು ನೋಡಿದರು. ಆಕೆ ನೆಲ ನೋಡಿದಳು.

ಆಗ ಮುಂದಿನ ಸಾಲಿನಲ್ಲೊಬ್ಬ ಮುದುಕ ಪಕ್ಕದವನ ತೊಡೆ ತಟ್ಟಿ, "ನಮ್ಮಪ್ಪ, ಥೇಟ ನಮ್ಮಪ್ಪ. ಕೈ ಹಿಂಗ ಹೋಗತಿತ್ತ ನೋಡು ಅಂಗರಖಾದಾಗ," ಎಂದ. ಇನ್ನೊಬ್ಬ, "ಸುಮ್ಮನಿರೋ, ಅಂವಾ ಮಾತಾಡವ ಅದಾನ," ಎಂದು ಗದರಿದ. ನಗು ತಾನಾಗಿ ಇಳಿದು ಇಡೀ ಬಯಲು ಕಿಲ್ಲೇದಾರನ ಮಾತಿಗೆ ಕಾದು ಕುಳಿತಿತು. ತಪಕೀರದ ಘಾಟಿಗೆ ಉಳವಪ್ಪನ ಕಣ್ಣಲ್ಲಿ ನೀರು ತುಂಬಿತ್ತು, ಮಾತೂ ನೆನಪಾಗಿತ್ತು. ಆಣೆ ಮುಗಿದಾಗ ಮುದುಕರೂ ಕಣ್ಣೊರೆಸಿಕೊಂಡರು.

ಆಟ ಮುಗಿದ ಮೇಲೆ ಬಾಳಾಸಾಹೇಬರು ಬಂದು ಕೆಮ್ಮಿದರು.

"ನಕ್ಕರಲ್ಲ ಬಾಯಿ."

"ನಕ್ಕರ್ರಿ."

"ಇಂಥಾ ನಗಿ ಆದರ ನಡೀತೈತಿ. ಮುಂದಿನ ಆಟ ಗುಂಜ್ಯಾಗ ಐತಿ. ಗೋಲಂದಾಜಂದ ಹೊಲ್ಯಾಕ ಚಾಲೂ ಮಾಡು, ಆಮ್ಯಾಗ ಉಳಕೀದು. ಎಲ್ಲಿ ಕುಂತ ಹೊಲಿತಿ? ಅಂಗಡ್ಯಾಗ?"

"ಅಂಗಡ್ಯಾಗ ನಮ್ಮಣ್ಣ ಮಷೀನ ಇಡಲಿ. ಭೀಮಕ್ಕನ ಕಟ್ಟೀ ಮ್ಯಾಲೆ ಕುಂದರತೀನ್ರಿ ಸದ್ಯಕ್ಕ. ಗುಂಜಿಗೂ ಎರಡ ದಿನಾ ಮುಂಚೇ ಹೋಗತೀನಿ. ಅಲ್ಲಿ ಮುದುಕರನ್ನ ಕೇಳೂದೈತಿ."

"ಅಂಗಿ ಹೊಲ್ಯಾಕ ಮುದುಕರ್ಯಾಕ?"

ಆಕೆ ಆಗಲೇ ಇಂಚುಪಟ್ಟಿ ಹಿಡಿದು ಸತ್ಯಪ್ಪನ ಹಿಂದೆ ಬಿದ್ದಿದ್ದಳು. ಕಂಕುಳ ಮುಟ್ಟಿದೊಡನೆ ಅವನು ಕಚಗುಳಿಯಿಟ್ಟಂತೆ ಕುಣಿಯುತ್ತಿದ್ದ.

"ನೆಟ್ಟಗ ನಿಂದರ್ರೀ ಅಣ್ಣಾ."

"ನಿಂತೀನವಾ. ಅಲ್ಲಾ, ನಂದು ಎತ್ತಾಗ ಕಟ್ಟೂದು? ನಾ ಸತ್ಯಪ್ಪ, ವೇಷಾ ಹಸನಖಾನಂದು."

"ಬಲಕ್ಕ," ಎಂದಳು ಶಾಹಜಾದಿ. "ಅದೊಂದ ನನಗ ಚಲೋ ಬರತೈತಿ. ಕೈ ಮ್ಯಾಲೆತ್ರಿ."