ಹತ್ತು ವರ್ಷದ ಮ್ಯಾಲಿನ ಕರೆಂಟು

ಶೈಲಜಾಗೆ ಹೊಸಪೇಟೆಯ ವಿದ್ಯುತ್ ಕಂಪನಿಯಲ್ಲಿ ಕೆಲಸ. ಕಂಪ್ಲಿ, ಸಂಡೂರು ಭಾಗದ ಕಾರ್ಖಾನೆಗಳಿಗೆ ಇನ್ನು ಹತ್ತು ವರ್ಷಕ್ಕೆ ಎಷ್ಟು ಕರೆಂಟು ಬೇಕಾಗಬಹುದು ಎಂದು ಕೇಳಿ ಅಂದಾಜು ತಯಾರಿಸುವ ಹೊಣೆ ಅವಳ ಮೇಲೆ ಬಿದ್ದಿತ್ತು. ವಡ್ಡು ಕಡೆಯ ಉಕ್ಕಿನ ಕಾರ್ಖಾನೆಗಳವರು ಹೊಸ ಫರ್ನೇಸ್ ಬರುತ್ತದೆ, ಲೋಡ್ ಇಷ್ಟು ಹೆಚ್ಚುತ್ತದೆ ಎಂದು ಥಟ್ಟನೆ ಹೇಳಿ ಚಹಾ ಕೊಟ್ಟು ಕಳಿಸಿದ್ದರು. ಅಕ್ಕಿ ಗಿರಣಿಯವರನ್ನು ಕೇಳುವುದೂ ಮುಗಿದಿತ್ತು. ಮೆಟ್ರಿ ರಸ್ತೆಯಲ್ಲಿರುವ ತನ್ನ ಅಪ್ಪನ ಗಿರಣಿಯೊಂದನ್ನು ಮಾತ್ರ ಅವಳು ಕಡೆಗೆ ಉಳಿಸಿಕೊಂಡಿದ್ದಳು.

ಅಪ್ಪ ಮರುಳಸಿದ್ದಪ್ಪನಿಗೆ ಹೋದ ವರ್ಷ ಹೃದಯದ ಆಪರೇಷನ್ ಆಗಿತ್ತು. ಗಿರಣಿ ಚೆನ್ನಾಗೇ ನಡೆಯುತ್ತಿತ್ತು, ಆದರೆ ಅವನು ಈ ಸುಗ್ಗಿ ದಾಟಿ ಮುಂದಿನ ಮಾತೇ ಆಡುತ್ತಿರಲಿಲ್ಲ.

ಶೈಲಜಾ ಹೋದಾಗ ಅವನು ಗಿರಣಿ ಮುಂದಿನ ಕಟ್ಟೆ ಮೇಲೆ ಕೂತಿದ್ದ. ಅವ್ವ ಹಂಪಮ್ಮ ಮಜ್ಜಿಗೆ ತಂದಳು.

"ಅಪ್ಪಾ, ಎಲ್ಲಾರ್ನೂ ಕೇಳಿದಂಗ ನಿನ್ನೂ ಕೇಳ್ತೀನಿ. ಹತ್ತು ವರ್ಷದ ಮ್ಯಾಲೆ ಗಿರಣಿಗೆ ಎಷ್ಟು ಕರೆಂಟ್ ಬೇಕಾಗಬೌದು?"

"ಸೊನ್ನಿ ಅಂತ ಬರ್ಕ."

"ಸೊನ್ನಿ ಯಾಕ?"

"ಅಷ್ಟೊತ್ತಿಗೆ ನಾನಽ ಎಲ್ಲಿರ್ತೀನೋ," ಎಂದು ನಕ್ಕ.

ಶೈಲಜಾಗೆ ನಗು ಬರಲಿಲ್ಲ. ಬರೆದುಕೊಳ್ಳಲು ತೆಗೆದ ಫೋನನ್ನು ಮಡಿಲಲ್ಲಿಟ್ಟು ಮುಖ ಆಚೆ ತಿರುಗಿಸಿದಳು.

ಹಂಪಮ್ಮ ಲೋಟ ಕೆಳಗಿಟ್ಟಳು. "ಅವರ್ನ ಬಿಡು, ನನ್ನ ಕೇಳು. ಭತ್ತ ಒಣಗಿಸಾಕ ಡ್ರೈಯರ್ ಬೇಕು. ಮೋಡ ಕಂಡ್ರ ಸಾಕು, ಭತ್ತ ಮುಚ್ಚಾಕ ತಾಡಪಾಲು ಹಿಡಕಂಡು ಅಂಗಳಕ್ಕ ಓಡತಾರ. ಎದಿ ಹಿಡಕಂಡು ಬಿದ್ದದ್ದೂ ಅಲ್ಲೇ. ಇನ್ನೊಮ್ಮೆ ಅದನ್ನ ನೋಡಾಕ ನನ್ನ ಕೈಲಿ ಆಗಂಗಿಲ್ಲ."

ಇಷ್ಟು ದಿನ ಅವಳು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮರುಳಸಿದ್ದಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಎದ್ದು ಮಗಳನ್ನು ಗಿರಣಿ ಹಿಂದಕ್ಕೆ ಕರೆದುಕೊಂಡು ಹೋದ. ಗೋಡೆ ಪಕ್ಕ ಖಾಲಿ ಜಾಗವಿತ್ತು.

"ಡ್ರೈಯರ್ ಇಲ್ಲೇ ಹಾಕಬೇಕಂತಿದ್ದೆ, ಆಪರೇಷನ್‌ಗಿಂತ ಮುಂಚೆ. ಈಗ ಮುಂದಿಂದು ಎಣಿಸಾಕ ಹೆದ್ರಿಕಿ ಆಗ್ತೈತವ್ವ."

"ನನಗೂ ಹೆದ್ರಿಕೀನ, ಅಪ್ಪಾ. ಅದಕ್ಕಽ ಇಲ್ಲಿಗೆ ಕಡೀಗೆ ಬಂದೆ."

ಅವನು ಅವಳ ತಲೆ ಮೇಲೆ ಕೈಯಿಟ್ಟ.

"ನಿಮ್ಮ ಲೆಕ್ಕ ಖರೇನೇ ಆಗ್ತಾವೇನು?" ಎಂದು ಕೇಳಿದ.

"ಎಲ್ಲಿ ಆಗ್ತಾವ? ಎಷ್ಟೋ ಸಲ ತಪ್ತಾವ. ವರ್ಷಾ ವರ್ಷಾ ತಿದ್ದತೀವಿ. ಆದ್ರ ಈಗ ಹೇಳಲಿಲ್ಲಂದ್ರ ಬೇಕಾದಾಗ ಲೈನ್ ಇರಂಗಿಲ್ಲ."

ಮರುಳಸಿದ್ದಪ್ಪ ಆ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ನಡೆದು ಬಂದ. "ಹಂಗಾದ್ರ ಈಗಿಂದರ ಎರಡು ಪಟ್ಟು ಬರ್ಕ," ಎಂದ. "ತಪ್ಪಿದ್ರ ಮುಂದಿನ ವರ್ಷ ತಿದ್ದೂಣು."

ಅಂದು ಶೈಲಜಾ ಊಟ ಮಾಡಿಯೇ ಹೊರಟಳು. ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ಕಂಡು ಅವ್ವ ಸಾರು ಬಡಿಸಿದಳು.

ಅಂದಾಜು ಮೇಲಿನ ಕಚೇರಿ ಸೇರುವ ಹೊತ್ತಿಗೆ ಡ್ರೈಯರ್‌ಗೆ ಅಡಿಪಾಯ ತೋಡುವುದು ಶುರುವಾಗಿತ್ತು. ಕೆಲಸ ನಡೆದಷ್ಟು ದಿನವೂ ಗಂಡ ಹೆಂಡತಿ ಇಬ್ಬರೂ ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಸಿಮೆಂಟಿಗೆ ನೀರು ಹಾಕುವುದು ಹಂಪಮ್ಮನ ಪಾಲಿಗೆ ಬಂತು. ಸಾಲದು, ಇನ್ನಷ್ಟು ಹಾಕು ಎನ್ನುವುದು ಅವನ ಪಾಲಿಗೆ.